ಮೂರು ನಿಮಿಷದ ತುಂಡು

…ಅಲ್ಲಲ್ಲ ಅಕ್ಕಾ, ಹೊರಗಲ್ಲ, ಇಲ್ಲಿ ನೋಡು, ಕಂಪ್ಯೂಟರ್ ಪರದೆ ಮೇಲೆ. ನಾಲ್ಕಿವೆ. ಡಿವಿಡಿಯಲ್ಲಿರೋದನ್ನ ಕಂಪ್ಯೂಟರಿಗೆ ಇಳಿಸೋ ಸಾಫ್ಟ್‌ವೇರು, ನಾಲ್ಕೂ. ಇದು ಪುಕ್ಕಟೆ. ಇದೂ ಪುಕ್ಕಟೆ ಅಂತಾರೆ, ಆದ್ರೆ ಚಿತ್ರದ ನಟ್ಟನಡುವೆ ತನ್ನ ಹೆಸರು ಬರ್ಕೊಳ್ತದೆ. ನಮ್ಮ ಚಿಕ್ಕಪ್ಪ ಯಾರ ಮದುವೆ ಫೋಟೋ ಆದ್ರೂ ನಡುವೆ ಬಂದು ನಿಲ್ತಿದ್ದನಲ್ಲ, ಹಾಗೆ. ಮೂರನೇದು… ಯಾಕೆ ನಗ್ತೀಯ? ನಗಲಿಲ್ವಾ. ನಕ್ಕ ಹಾಗೆ ಕಾಣ್ತು.

ಕಿಟಕಿ ಬಿಟ್ಟು ಈಚೆ ಬಾ. ಅಲ್ಲಿ ಬಿಸಿಲು. ವಿಮಾನ ಇಳಿದು ಇನ್ನೂ ಎರಡು ತಾಸಾಗಿಲ್ಲ, ಕೊರಳಿನ ಹೂವಿನ ಹಾರ ಕೂಡ ತೆಗೆದಿಲ್ಲ ನೀನು. ತಾಪಿತಾ ರುಕಾವ್ ಮಾಡಿಟ್ಟು, ಚರ್ಚಿನ ಹಾಲ್ ಗುಡಿಸೋಕೆ ಹೋದಳು. ‘ನಿಮ್ಮಕ್ಕ ಬಂದ ಕೂಡಲೇ ಬಡಿಸು, ಮಾತಾಡ್ತಾ ಕೂತುಬಿಡಬೇಡ’ ಅಂದಳು. ಹೆಂಡತಿಗೆ ನನ್ನ ಮೇಲೆ ಅಷ್ಟು ನಂಬಿಕೆ! ಬಡಿಸಲಾ? ಎಳೇ ಕೆಸುವಿನೆಲೆ, ಈಗ ಹಿಂಡಿದ ತೆಂಗಿನ ಹಾಲು. ಆಕ್ಲೆಂಡಿನಲ್ಲಿ ಎಲ್ಲಿ ಸಿಗಬೇಕು ನಿನಗೆ? ಹುಬ್ಬೆತ್ತು, ಸಾಕು. ನಮ್ಮೂರಲ್ಲಿ ಹೌದು ಅನ್ನೋಕೆ ಬಾಯಿ ಯಾಕೆ ಬೇಕು? ಅಲ್ಲಿಗೆ ಹೋಗಿ ಹುಬ್ಬೆತ್ತೋದೂ ಮರೆತೆಯಾ?

ಸರಿ. ಆಮೇಲೆ ತಿನ್ನು.

ನಾಳೆ ಹತ್ತಕ್ಕೆ ತೌರಾನ ಸಮಾಧಿ ಕಲ್ಲಿನ ಹೊದಿಕೆ ತೆಗೀತಾರೆ. ಆಮೇಲೆ ಚರ್ಚಿನ ಹಾಲಿನಲ್ಲಿ, ಗೋಡೆ ಮೇಲೆ, ಅವನ ಚಿತ್ರ. ನಂಗೆ ಗೊತ್ತು ಅಕ್ಕಾ, ಗೊತ್ತು. ಫೋನಲ್ಲಿ ನೀನು ಕೇಳಿದ್ದು ಅಷ್ಟೇ. ‘ಮೆಟುವಾ, ನಂಗೆ ಬೇರೇನೂ ಬೇಡ, ಆ ಮೂರು ನಿಮಿಷ ಕೊಡು. ನನ್ನ ಮಗನ ದನಿ ಬೇರೆಲ್ಲೂ ಉಳಿದಿಲ್ಲ.’ ಅಷ್ಟೇ ಅಂದೆ. ಅಳಲೂ ಇಲ್ಲ.

ಅದಕ್ಕೇ ನೋಡು, ಒಂದು ವಾರದಿಂದ ಇದೇ ಕೆಲಸ. ಯಾವುದು ಒಳ್ಳೇದು, ಯಾವುದರಲ್ಲಿ ಬರ್ತದೆ… ಇಲ್ಲೊಂದು ಅಂಕಿ ಇದೆ. ಇಪ್ಪತ್ತು ಅಂದ್ರೆ ಚಿತ್ರ ಚೆನ್ನ. ಹದಿನೆಂಟು ಅಂದ್ರೆ ಇನ್ನೂ ಚೆನ್ನ. ಕಡಿಮೆ ಆದಷ್ಟೂ ಒಳ್ಳೇದು. ನನ್ನ ಮಾತೂ ಹಾಗೇ ಅಂತಾಳೆ ತಾಪಿತಾ. ಇನ್ನು ಈ ಗುಂಡಿ. ಹಳೇ ಕ್ಯಾಮೆರಾದಲ್ಲಿ ಹಿಡಿದದ್ದಲ್ವಾ, ಏನಾದರೂ ಅಲ್ಲಾಡಿದ್ರೆ ಅಂಚಿಗೆ ಬಾಚಣಿಗೆ ಹಲ್ಲಿನ ಹಾಗೆ ಗೆರೆ ಏಳ್ತವೆ. ಅವನ ಕೂದಲು ಕತ್ತರಿಸೋವಾಗ ನೋಡು, ಎಲ್ಲರ ಕತ್ತರಿಗೂ ಹಲ್ಲು! ಇದನ್ನ ಒತ್ತಿದ್ರೆ ಅಳಿಸಿಹೋಗ್ತವೆ. ನಾಲ್ಕನೇದರಲ್ಲಿ ಇದು ತುಂಬ ಚೆನ್ನಾಗಿದೆ. ನೀನೇ ಆರಿಸು ಅಕ್ಕಾ. ಯಾವುದು? ಬೆರಳಿಟ್ಟು ತೋರಿಸು.

ಕೈ ಯಾಕೆ ಚಾಚ್ತೀಯ?

ಡಿಸ್ಕಾ? ಇದೆ, ಡಿಸ್ಕ್ ಇದೆ. ಬೀರುವಿನಲ್ಲಿ. ನಿನ್ನ ಕೈಬರಹದ್ದೇ. ಹಸಿರು ಶಾಯಿಯಲ್ಲಿ ‘ತೌರಾನ ಕೂದಲು’ ಅಂತ ಬರೆದು, ನಡುವಿನ ತೂತಿನ ಸುತ್ತ ಹೂವಿನ ದಳ ಬಿಡಿಸಿದ್ದೀಯಲ್ಲ, ಅದೇ. ಈಗ ಯಾಕೆ ಅದು? ಈ ಸೆಖೆ, ಈ ತೇವ… ಡಿಸ್ಕಿಗೆಲ್ಲ ಬೂಷ್ಟು ಹಿಡೀತದೆ ಇಲ್ಲಿ. ಅದಕ್ಕೇ ತಾನೆ ನಾನು ಎಲ್ಲಾನೂ ಇಳಿಸಿಟ್ಟಿದ್ದು? ಪೆಟ್ಟಿಗೆಯಲ್ಲಿ ಮೂವತ್ತೊಂದು ಡಿಸ್ಕಿದ್ದವು. ಈಸ್ಟರ್ ಹಬ್ಬದ ನಾಟಕ, ಅಮ್ಮನ ಅಂತ್ಯಕ್ರಿಯೆ, ಎಲ್ಲ. ಒಂದೊಂದಾಗಿ ತುರುಕಿದೆ, ಗುಂಡಿ ಒತ್ತಿದೆ, ‘ಆಯ್ತು’ ಅಂತ ಹಸಿರು ಗುರುತು ಬಂತು. ಮೂವತ್ತೊಂದಕ್ಕೂ ಹಸಿರು ಗುರುತು! ನಾನೇನು ಸುಳ್ಳು…

ನೋಡು ಬೇಕಾದ್ರೆ, ಹಾಕ್ತೀನಿ. ಇದೋ. ನಿನ್ನ ಮಗ ಕುರ್ಚಿ ಮೇಲೆ, ಮೇಲೆಲ್ಲ ಅಜ್ಜಿ ಹೊಲಿದ ಹೂಹೂವಿನ ತಿವಾಯಿವಾಯಿ ಹೊದಿಕೆ. ಏಳು ವರ್ಷ ಬೆಳೆಸಿದ ಕೂದಲು, ನಲವತ್ತೆರಡು ಜುಟ್ಟು, ನಲವತ್ತೆರಡು ರಿಬ್ಬನ್. ಒಬ್ಬೊಬ್ಬರಾಗಿ ಬಂದು ಕತ್ತರಿಸ್ತಾರೆ. ಪಾದ್ರಿ ಮಾತಾಡ್ತಾರೆ. ಮಾತಾಡ್ತಾರೆ… ಇನ್ನೂ ಮಾತಾಡ್ತಾರೆ… ದೇವರೇ, ಆ ಮನುಷ್ಯ ಎಷ್ಟು ಮಾತಾಡಿದ! ಒಂದು ಗಂಟೆ ಐವತ್ತು ನಿಮಿಷ. ನಿಮಿಷವೂ ಕಡಿಮೆಯಿಲ್ಲದೆ ಬಂದಿದೆ, ಅಕ್ಕಾ.

ಹೌದು. ನಿನಗೆ ಬೇಕಾದ್ದು ಇದಲ್ಲ. ಆಮೇಲಿಂದು. ಎಲ್ಲ ಊಟಕ್ಕೆ ಎದ್ದ ಮೇಲೆ, ಬೋಳುತಲೆ ಹೊತ್ತು ಆ ಹೊದಿಕೆಗಳ ರಾಶಿ ಮೇಲೆ ಒಬ್ಬನೇ ಕೂತಿದ್ದನಲ್ಲ… ನನ್ನ ಪುಟ್ಟ ಕ್ಯಾಮೆರಾದಲ್ಲಿ ನಾನೇ ಹಿಡಿದದ್ದು, ಡಿಸ್ಕಿನ ಕೊನೆಗೆ ಬೇರೆ ತುಂಡಾಗಿ ಸೇರಿಸಿಕೊಟ್ಟವನೂ ನಾನೇ. ಟೇಪಾ? ಅದರ ಮೇಲೆ… ರಗ್ಬಿ ಪಂದ್ಯ ಹಿಡಿದೆ, ಅಳಿಸಿಹೋಯ್ತು. ಹಾಗೆ ನೋಡಬೇಡ. ಆಗ ಹುಡುಗ ಇದ್ದ ಅಕ್ಕಾ! ಕಣ್ಣೆದುರೇ ಓಡಾಡ್ತಿದ್ದ! ಬಂಡೆಸಾಲಿನ ಆಚೆಗೆ ಕಡಲಿನ ಸೆಳವು ಅವನನ್ನ ಎಳ್ಕೊಂಡು ಹೋಗ್ತದೆ ಅಂತ ಯಾರಿಗೆ ಗೊತ್ತಿತ್ತು?

ಮತ್ತೆ ಹೊರಗೆ ನೋಡ್ತೀಯ. ಏನಿದೆ ಅಲ್ಲಿ? ಟೊಮೇಟೊ. ಅದರಾಚೆ ಪಪ್ಪಾಯಿ. ಹೊಳೀತಿರೋದಾ… ಅದು ಹಕ್ಕಿಗೆ. ಗೊರವಂಕದ ಕಾಟ, ಒಂದು ಹಣ್ಣು ಉಳಿಸಲ್ಲ. ದಾರ ಕಟ್ಟಿ ಹೊಳೆಯೋದು ಏನಾದ್ರೂ ನೇತುಹಾಕಿದ್ರೆ ಬರಲ್ಲ. ಈ ದ್ವೀಪದಲ್ಲಿ ಯಾರ ತೋಟದಲ್ಲಿಲ್ಲ? ಹಳೇವು, ಕೆಲಸಕ್ಕೆ ಬಾರದವು…

ಎಣಿಸ್ತಿದ್ದೀಯಾ?

ಅಕ್ಕಾ, ಎಲ್ಲಿಗೆ? ಚಪ್ಪಲಿ ಹಾಕ್ಕೋ, ಅಲ್ಲಿ ಮುಳ್ಳಿದೆ… ಅಕ್ಕಾ! ನಾನು ಬಾಗಿಲಲ್ಲಿ ನಿಂತು ಕೂಗಿದ್ರೆ ಪಕ್ಕದ ಮನೆಯವರು ಬರ್ತಾರೆ. ಕೇಳು, ಮೊದಲು ನಾನು ಹೇಳೋದು ಕೇಳು. ಆ ಸಾಲು ಅಲ್ಲ. ಅಲ್ಲಿಲ್ಲ ಅದು. ಬೀರುವಿನಲ್ಲಿದೆ ಅಂದೆನಲ್ಲ… ಬಿಚ್ಚಬೇಡ. ಮೂರನೇ ಗೂಟದ್ದನ್ನ ಬಿಚ್ಚಬೇಡ ಅಕ್ಕಾ.

…

ಹೂಂ. ಇಡು, ಇಲ್ಲೇ ಮೇಜಿನ ಮೇಲಿಡು.

ಶಾಯಿ ಹೋಗಿದೆ. ಆದ್ರೆ ಹೂವಿನ ಎರಡು ದಳ ಉಳಿದಿವೆ, ನೋಡು.

ಬಯ್ಯಿ ಅಕ್ಕಾ. ಬೇಕಾದ್ರೆ ಹೊಡಿ, ಚಿಕ್ಕವನಿದ್ದಾಗ ಹೊಡೀತಿದ್ದೆಯಲ್ಲ. ಹಸಿರು ಗುರುತು ಬಂತು, ಎಲ್ಲ ಇಳೀತು ಅಂದ್ಕೊಂಡೆ. ಡಿಸ್ಕಿನ ಕೆಲಸ ಮುಗೀತು ಅಂದ್ಕೊಂಡೆ. ಆ ದರಿದ್ರ ಸಾಫ್ಟ್‌ವೇರು… ಇಲ್ಲ, ಅದರ ತಪ್ಪಲ್ಲ. ಡಿಸ್ಕಿನಲ್ಲಿ ಎಷ್ಟು ತುಂಡಿವೆ ಅಂತ ಪಟ್ಟಿ ಕೊಡ್ತದೆ ಅದು. ನಾವು ಏನೂ ಹೇಳದೇ ಹೋದ್ರೆ ಎಲ್ಲಕ್ಕಿಂತ ಉದ್ದದ ತುಂಡನ್ನ ತಾನೇ ಆರಿಸ್ಕೊಂಡು ಅದೊಂದನ್ನೇ ಇಳಿಸ್ತದೆ. ಉದ್ದದ್ದೇ ಮುಖ್ಯ ಅಂತ ಅದರ ಲೆಕ್ಕ. ಪಾದ್ರಿ ಬಂದ್ರು. ಹುಡುಗ ಡಿಸ್ಕಲ್ಲೇ ಉಳ್ಕೊಂಡ. ಪಟ್ಟಿ ಬಿಚ್ಚಿ ನೋಡಬೇಕಿತ್ತು ನಾನು. ನೋಡಲಿಲ್ಲ. ಹನ್ನೊಂದು ತಿಂಗಳು ಬಿಸಿಲಲ್ಲಿ ತೂಗಿದೆ ಅದು, ಅಕ್ಕಾ. ನಾನೇ ಕಟ್ಟಿದ್ದು, ಈ ಕೈಯಲ್ಲೇ, ಸಿಳ್ಳೆ ಹೊಡೀತಾ.

ನೀನು ಫೋನ್ ಮಾಡಿದ ದಿನ ಫೈಲು ತೆಗೆದು ನೋಡಿದೆ. ಕೊನೆಗೆ ಓಡಿಸಿದೆ, ಮೊದಲಿಂದ ಓಡಿಸಿದೆ, ಪಾದ್ರಿಯ ಆಮೆನ್ ಆದ ಕೂಡಲೇ ಕಪ್ಪು. ಅವತ್ತಿಂದ ಈ ಸಾಫ್ಟ್‌ವೇರುಗಳನ್ನ ಇಳಿಸ್ತಾನೇ ಇದ್ದೀನಿ. ನಾಲ್ಕಲ್ಲ, ಹದಿನಾಲ್ಕು. ಯಾವುದಾದರೂ ಒಂದು, ಇರೋ ಫೈಲಿನಿಂದಲೇ, ಒಳಗೆ ಇಲ್ಲದ್ದನ್ನ… ಹುಚ್ಚು ಅಂತ ನಂಗೂ ಗೊತ್ತು.

ಡಿಸ್ಕನ್ನ ಯಾಕೆ ನನ್ನ ಕೈಗೆ ಕೊಡ್ತೀಯ? ಹಾಕಬೇಕಾ? ಹಾಕಿ ಆಗಿದೆ ಅಕ್ಕಾ, ಎಷ್ಟು ಸಲ… ಹಾಕಿ, ಮತ್ತೆ ಹೋಗಿ ಅದೇ ಗೂಟಕ್ಕೆ ಕಟ್ಟಿದೆ. ಒಂದು ಗೂಟ ಮಾತ್ರ ಖಾಲಿ ಕಂಡ್ರೆ, ಅಲ್ಲಿ ಏನಿತ್ತು ಅಂತ ನೀನು ಕೇಳ್ತೀಯ ಅಂತ. ಸರಿ. ಹಾಕ್ತೀನಿ. ಹಾಗೆ ನೋಡಬೇಡ, ಹಾಕ್ತೀನಿ.

ತಿರುಗ್ತಿದೆ. ಕೇಳಿಸ್ತಾ?

ಇನ್ನೂ ತಿರುಗ್ತಿದೆ…

ನೋಡಿದೆಯಾ, ಪಟ್ಟಿ ಖಾಲಿ. ಉದ್ದದ್ದೂ ಇಲ್ಲ, ಚಿಕ್ಕದ್ದೂ ಇಲ್ಲ.

ನಂಗೆ ನೆನಪಿದೆ ಅಕ್ಕಾ, ಅವನು ಅಂದದ್ದು. ತಲೆ ಸವರ್ಕೊಂಡು, ಕ್ಯಾಮೆರಾ ನೋಡಿ, ‘ಮಾಮಾ, ನನ್ನ ತಲೆಗೆ ಗಾಳಿ ಗೊತ್ತಾಗ್ತಿದೆ’ ಅಂದ. ತಲೆಗೆ ಅಂದನಾ… ಕಿವಿಗೆ ಅಂದನಾ? ತಲೆಗೇ ಅಂದ. ಅಲ್ವಾ? ಆಮೇಲೆ ನಕ್ಕ. ನಕ್ಕು ಇನ್ನೇನೋ ಅಂದ… ನಿನಗೆ ನೆನಪಿದೆಯಲ್ಲ? ನೀನು ಹೆತ್ತವಳು, ನಿನಗಾದ್ರೂ…

ನಾಳೆ ಹಾಲಿನಲ್ಲಿ ನಾನೇ ಎದ್ದು ಹೇಳ್ತೀನಿ. ಗೋಡೆ ಮೇಲೆ ಏನೂ ಬರಲ್ಲ, ನಾನು ಕಳೆದೆ ಅಂತ. ಅವನು ಅಂದದ್ದನ್ನೂ ಹೇಳ್ತೀನಿ. ತಲೆಗೆ ಅಂದ ಅಂತಲೇ ಹೇಳಲಾ?

ಗೊರವಂಕ ಬಂತು ನೋಡು, ಖಾಲಿ ಗೂಟದ ಹತ್ರ. ಓಡಿಸಲಾ? ಬೇಡ್ವಾ.

ತಲೆಗೆ ಅಂದ ಅಂತ ಹೇಳಲಾ ಅಕ್ಕಾ? ಮಾತು ಬೇಡ. ಹುಬ್ಬಾದ್ರೂ ಎತ್ತು.