ಗಜನಿಯ ಮೇಲೆ ತೂಗಿದ ಟಾಕಿ

ಅಧ್ಯಕ್ಷಪೀಠದಲ್ಲಿರುವ ಹೆಡ್‌ಮಾಸ್ತರರೇ, ಕುಮಟೆಯಿಂದ ಬಂದ ಇಂಜಿನಿಯರ್ ಮಹಾಬಲರಾಯರೇ, ಎರಡೂ ಕೇರಿಯ ಸಭಿಕರೇ,

ಶಾಲೆಯ ವಾರ್ಷಿಕೋತ್ಸವದಲ್ಲಿ ಪಂಚಾಯಿತಿ ಚೇರ್ಮನ್ನನಾದ ನಾನು ವಿದ್ಯೆಯ ಬಗ್ಗೆ ಮಾತನಾಡಬೇಕು. ಆದರೆ ನನ್ನ ತಲೆಯ ತುಂಬ ನೀರಿನ ಟಾಕಿಯೇ ಇದೆ. ಕ್ಷಮಿಸಬೇಕು.

ನಮ್ಮ ಟಾಕಿಯನ್ನು ಎಲ್ಲಿ ಕಟ್ಟಿದೆವು? ಮೇಲಿನಕೇರಿಗೂ ಕೆಳಗಿನಕೇರಿಗೂ ಸರಿಯಾಗಿ ನಡುವೆ, ಹಗ್ಗ ಹಿಡಿದು ಅಳೆದು. ಯಾರಿಗೂ ಹೆಚ್ಚಾಗಬಾರದು, ಯಾರಿಗೂ ಕಡಿಮೆಯಾಗಬಾರದು. ನ್ಯಾಯವೇನೋ ಆಯಿತು. ಆದರೆ ನಡುವೆ ಇದ್ದದ್ದು ಗಜನಿ, ಉಪ್ಪುನೀರು ನುಗ್ಗುವ ಕೆಸರುಗದ್ದೆ. ಹಗ್ಗ ಹಿಡಿದವರಲ್ಲಿ ಒಬ್ಬರಾದರೂ ಮಣ್ಣು ಮುಟ್ಟಿ ನೋಡಿದರೇ?

ಕಳೆದ ತಿಂಗಳು ಕೊಯ್ನಾ ಕಡೆ ಭೂಮಿ ನಡುಗಿದ ಬೆಳಗು ನೆನಪಿದೆಯಲ್ಲ? ಬಾಡ ಊರಿನ ಕಡೆ ಅರೆಕಲ್ಲಿನ ಮೇಲೆ, ಗಟ್ಟಿ ಬಂಡೆಯ ನೆಲದಲ್ಲಿ, ಇದೇ ನಕ್ಷೆಯ ಟಾಕಿ ಇದೆ. ಅದು ಒಮ್ಮೆ ಅದುರಿ ಸುಮ್ಮನಾಯಿತಂತೆ. ನಮ್ಮದು? ತೂಗಿತು, ತೂಗಿತು, ತೂಗುತ್ತಲೇ ಇತ್ತು! ಒಳಗಿನ ನೀರು ಮುಚ್ಚಳ ಎಬ್ಬಿಸಿ ಹೊರಚೆಲ್ಲಿತು, ಕಂಬಗಳು ಬಿರುಕು ಬಿಟ್ಟವು. ಕಾರಣವನ್ನು ರಾಯರು ಹೇಳಿದರು. ಮೆತ್ತನೆಯ ಮಣ್ಣು ನಿಧಾನ ತೂಗುತ್ತದೆ, ಟಾಕಿಯ ನೀರೂ ನಿಧಾನವೇ ತೂಗುತ್ತದೆ. ಎರಡರ ಲಯ ಕೂಡಿತೋ, ತೊಟ್ಟಿಲನ್ನು ಹೊತ್ತು ನೋಡಿ ತಳ್ಳಿದ ಹಾಗೆ ತೂಗಾಟ ಏರುತ್ತಲೇ ಹೋಗುತ್ತದೆ. ನನ್ನ ತಂಗಿ ತಿಮ್ಮಿಯ ತೊಟ್ಟಿಲು ತೂಗಿದವನು ನಾನೇ, ನನಗೆ ಗೊತ್ತಿಲ್ಲವೇ?

ತಿಮ್ಮಿಯ ಮನೆ ಆ ಟಾಕಿಯ ಬುಡದಲ್ಲೇ ಇದೆ. ಟಾಕಿ ಯಾವ ಕೇರಿಗೆ ಎಂಬ ಜಾಗದ ಜಗಳದಲ್ಲಿ ಅವಳು ಗಂಡನ ಕೆಳಗಿನಕೇರಿಯ ಪರ, ನಾನು ಮೇಲಿನಕೇರಿಯ ಪರ. ಅಂದಿನಿಂದ ಮಾತು ಬಿಟ್ಟಿದ್ದೆವು. ಆ ಬೆಳಗು ಬರಿಗಾಲಲ್ಲಿ ಓಡಿ, “ತಿಮ್ಮೀ, ಹೊರಗೆ ಬಾ” ಎಂದು ಕೂಗಿದೆ. ಟಾಕಿಯ ನೀರಿಗೆ ನೆನೆದು ತೊಪ್ಪೆಯಾಗಿ ಬಂದವಳು, “ಎಂತದಾ ಅಣ್ಣ, ಮಾತು ಬಂತಾ ನಿಂಗೆ?” ಅಂದಳು. ನಾನು ಅತ್ತುಬಿಟ್ಟೆ. ಇದನ್ನು ಹೇಳಬೇಕೆಂದಿರಲಿಲ್ಲ, ಇರಲಿ.

ಈಗ ಹೊಸ ಟಾಕಿ ಮಂಜೂರಾಗಿದೆ. ನಾಳೆ ಜಾಗ ಗೊತ್ತುಮಾಡಬೇಕು. ಗಟ್ಟಿ ಅರೆಕಲ್ಲು ಇರುವುದು ಮೇಲಿನಕೇರಿಯಲ್ಲಿ. “ಚೇರ್ಮನ್ನ ಟಾಕಿ ತನ್ನ ಕೇರಿಗೇ ಹೊತ್ಕಂಡು ಹೋದ” ಎಂಬ ಪಿಸುಮಾತು ನನಗೂ ಕೇಳಿಸಿದೆ. ಹೌದು, ಹೊತ್ತುಕೊಂಡು ಹೋಗುತ್ತಿದ್ದೇನೆ. ರಾಯರು ಗುರುತು ಹಾಕಿದ ಕಲ್ಲಿನ ಮೇಲೆ ನಿಂತಿರುವುದು ನನ್ನ ಮನೆ. ಅದನ್ನು ಕೆಡವಿ ಟಾಕಿ ಕಟ್ಟಿ. ಹಳೆಯ ಟಾಕಿ ಇಳಿಸಿದ ಮೇಲೆ ತಿಮ್ಮಿಯ ಹಿತ್ತಲಲ್ಲಿ ನನಗೊಂದು ಬಿಡಾರ ಸಾಕು.

ಇದನ್ನು ನನ್ನ ಹೆಂಡತಿ ಸಣ್ಣಿಗೆ ಇನ್ನೂ ಹೇಳಿರಲಿಲ್ಲ. ಹೆಂಗಸರ ಸಾಲಿನಲ್ಲಿ ಕುಳಿತಿದ್ದಳು, ಈಗ ಎದ್ದು ನಿಂತಿದ್ದಾಳೆ. ಆದ್ದರಿಂದ ಮಾತು ಬೇಗ ಮುಗಿಸುತ್ತೇನೆ. ನೀವೆಲ್ಲ ಕೇಳಿದ್ದು ದೊಡ್ಡ ಉಪಕಾರವಾಯಿತು. ನಮಸ್ಕಾರ.