ನಮ್ಮ ವಂಶಕ್ಕೆ ಏರಲ್ಲ

ಆಸ್ಪತ್ರೆಯ ಬೆಂಚಿನ ಮೇಲೆ ನನ್ನ ಪಕ್ಕ ಅಕ್ಕ-ತಮ್ಮ ಕುಳಿತಿದ್ದರು. ತಮ್ಮ ಎಲೆಕ್ಟ್ರಿಷಿಯನ್ ಇರಬೇಕು, ಅಂಗಿ ಜೇಬಿನಲ್ಲಿ ಟೆಸ್ಟರ್ ಇತ್ತು. ಕುಡಿದು ಲಿವರ್ ಕೆಡಿಸಿಕೊಂಡ ಅವರಪ್ಪ ಒಳಗೆ ವಾರ್ಡಿನಲ್ಲಿದ್ದರು.

"ಡಾಕ್ಟರು ನಿನ್ನ ಯಾಕೆ ಕರೆದ್ರಕ್ಕಾ?"

"ತಾತ ಹೇಗೆ ಹೋದ್ರು, ಚಿಕ್ಕಪ್ಪ ಹೇಗೆ ಹೋದ್ರು ಅಂತ ಕೇಳಿದ್ರು. ಈ ಕುಡಿತದ ಚಟ ರಕ್ತದಲ್ಲೇ ಬರಬಹುದಂತೆ ಕಣೋ. ನೀನು ಮುಟ್ಟಲೇಬಾರದಂತೆ."

"ನನಗೇನಾಗುತ್ತೆ? ಜೊತೆಗಾರರೆಲ್ಲ ಎರಡು ಪೆಗ್ಗಿಗೇ ಮಗುಚಿಕೊಳ್ತಾರೆ. ನಾನೇ ಅವರನ್ನ ಮನೆ ಮುಟ್ಟಿಸೋದು."

"ಅದನ್ನೇ ಹೇಳ್ದೆ. ಡಾಕ್ಟರ ಮುಖ ಸಪ್ಪಗಾಯ್ತು."

"ಯಾಕೆ?"

"ಬೇಗ ಏರೋರಿಗೆ ಮೈಯೇ ಸಾಕು ಅನ್ನುತ್ತಂತೆ. ಏರದೇ ಇರೋರಿಗೆ ಸಾಕು ಅನ್ನೋರೇ ಇರಲ್ವಲ್ಲ. ಅಂಥವರೇ ಜಾಸ್ತಿ ಸಿಕ್ಕಿಹಾಕ್ಕೊಳ್ಳೋದಂತೆ."

"ಅಪ್ಪ ಕೂಡ ಹಾಗೇ ಅಲ್ವಾ? 'ನಮ್ಮ ವಂಶಕ್ಕೆ ಏರಲ್ಲ ಕಣ್ರೋ' ಅಂತ ಮೀಸೆ ತಿರುವ್ತಿದ್ರು."

"ಹೂಂ. ನಾವೂ ಅದನ್ನೇ ಊರಿಗೆಲ್ಲ ಹೇಳ್ಕೊಂಡು ಬರ್ತಿದ್ವಿ."

ತಮ್ಮ ಟೆಸ್ಟರನ್ನು ಹೊರತೆಗೆದು, ಸುಮ್ಮನೆ ನೋಡಿ, ಮತ್ತೆ ಜೇಬಿಗಿಟ್ಟ.

"ಹೋಗ್ಲಿ, ನೀನಾದ್ರೂ ಬಚಾವಾದೆ."

ಅಕ್ಕ ವಾರ್ಡಿನ ಬಾಗಿಲ ಕಡೆ ನೋಡಿದಳು.

"ಅಕ್ಕಾ?"

"ಹೋದ ವರ್ಷ ಗೆಳತಿ ಮನೇಲಿ ಬಲವಂತ ಮಾಡಿ ಕುಡಿಸಿದ್ರು. ಎಲ್ಲರೂ ಏರಿ ಬಿದ್ದು ಬಿದ್ದು ನಗ್ತಿದ್ರು. ನಾನು ಅಷ್ಟೂ ಗಾಜಿನ ಲೋಟ ತೊಳೆದಿಟ್ಟೆ ಕಣೋ. ಒಂದೂ ಒಡೀಲಿಲ್ಲ."

ನರ್ಸ್ ಬಂದು ಅವರಪ್ಪನ ಹೆಸರು ಕೂಗಿದರು. ಇಬ್ಬರೂ ಎದ್ದು, ಆ ಉದ್ದನೆಯ ಕಾರಿಡಾರಿನಲ್ಲಿ ನೆಟ್ಟಗೆ ನಡೆದುಹೋದರು.