ಹನ್ನೊಂದನೇ ಚೀಟಿ

ಬ್ಯಾಟರಿ ಭಾವ, ಬ್ಯಾಟರಿ! ತಪ್ಪೆಲ್ಲಾ ನಿಮ್ಮ ದ್ವೀಪದವರ ಬ್ಯಾಟರಿದು. ಸತ್ತ ಬ್ಯಾಟರೀನ ಮೀನಿನ ಹಾಗೆ ಬಿಸಿಲಲ್ಲಿ ಒಣಗಿಸಿ ಮತ್ತೆ ರೇಡಿಯೋಗೆ ತುರುಕ್ತಾರೆ, ಆಮೇಲೆ ಕಿಲೆಪಾಕ್ ಸಂದೇಶ ಓದಲೇ ಇಲ್ಲ ಅಂತ ನನ್ನ ಮೇಲೆ ಗೂಬೆ ಕೂರಿಸ್ತಾರೆ! ಕೂತ್ಕೊಳ್ಳಿ... ಯಾಕೆ ನಿಂತೇ ಇದ್ದೀರಿ? ಈ ಸ್ಟುಡಿಯೋ ಬೇರೆ ಯಾರದ್ದೋ ಅಲ್ಲ, ನಿಮ್ಮ ತಂಗಿ ಗಂಡನದ್ದು!

ಅಡಿಕೆ ಹಾಕ್ಕೊಳ್ಳಿ. ಬೇಡ್ವಾ?... ಬಿಡಿ.

ನಿಮ್ಮಮ್ಮ, ಮೊಮ್ಮಗು ನೋಡೋಕೆ ಅಂತ ಇಲ್ಲಿಗೆ ಬಂದ ಗಟ್ಟಿಮುಟ್ಟಾದ ಹೆಂಗಸು, ಹೀಗಾಗುತ್ತೆ ಅಂತ ಯಾರಿಗೆ ಗೊತ್ತಿತ್ತು? ಆಸ್ಪತ್ರೇಲಿ ಬಾಗಿಲನ್ನೇ ನೋಡ್ತಾ ಮಲಗಿದ್ರು, ಮಗ ಬಂದ್ನಾ, ಮಗ ಬಂದ್ನಾ ಅಂತ. ಶುಕ್ರವಾರ ರಾತ್ರಿ ಹೋದ್ರು. ಈ ಸೆಕೇಲಿ ಇಡೋಕಾಗುತ್ತಾ? ನಿನ್ನೆ ಬೆಳಿಗ್ಗೆ ಮಣ್ಣು ಮಾಡಿದ್ವಿ. ಮಧ್ಯಾಹ್ನ ನೀವು ಸಾಗೋ ಹಿಟ್ಟಿನ ಮೂಟೆ ಹೊತ್ತು, ನಗ್ತಾ ದೋಣಿ ಇಳಿದ್ರಿ... ಆದ್ರೆ ನಿಮ್ಮ ತಂಗಿ ಚೀಟಿ ಬರೆದಳು, ನಾನು ಓದಿದೆ. ಸೋಮವಾರ, ಸಾಯಂಕಾಲದ ಟೋಕ್‌ಸೇವ್‌ನಲ್ಲಿ, ದ್ವೀಪಗಳಿಗೆ ಜನರ ಚೀಟಿ ಓದೋ ಹೊತ್ತಲ್ಲಿ. ಹನ್ನೊಂದು ಚೀಟಿ ಇತ್ತು, ಹನ್ನೊಂದೂ ಓದಿದೆ!

ಯಾಕೆ ಹಾಗೆ ನೋಡ್ತೀರಿ?

ಏನು, ನಿಮ್ಮೂರ ಮೇಷ್ಟ್ರಿಗೆ ಹಂದಿ ಬಂದಿದೆ ಅಂತ ಅದೇ ಸಾಯಂಕಾಲ ಓದಿದ ಚೀಟಿ ಮುಟ್ಟಿದ್ಯಾ? ಮುಟ್ಟಿರುತ್ತೆ! ಹಂದಿ ಅಂದ್ರೆ ಕಿವಿ ನಿಮಿರುತ್ತೆ, ಕಾಯಿಲೆ ಅಂದ್ರೆ ಕಿವುಡು. ಥೂ, ಇದೂ ಒಂದು ಜನ! ರಾಜಧಾನಿ ಮೊರೆಸ್ಬಿಯವರು ಟವರ್ ಹಾಕ್ತೀವಿ ಅಂದಿದ್ದನ್ನ ನಂಬಿ, ಸಿಗ್ನಲ್ಲೇ ಇಲ್ಲದ ದ್ವೀಪದಲ್ಲಿ ಫೋನ್ ಸೊಂಟಕ್ಕೆ ಸಿಕ್ಕಿಸ್ಕೊಂಡು ತಿರುಗ್ತಾರೆ. ಫೋಟೋ ಹಿಡೀತಾರಂತೆ! ಸುದ್ದಿ ಬೇಕು ಅಂದಾಗ? ಇಪ್ಪತ್ತೆರಡು ವರ್ಷದಿಂದ ಈ ಗಂಟಲೇ ಗತಿ!

ಮಾತಾಡಿ ಭಾವ. ಬೇಕಾದ್ರೆ ಬೈದುಬಿಡಿ.

...ಆಯ್ತಪ್ಪಾ. ಓದಿದೆ, ಆದ್ರೆ ಹೆಸರು ಬಿಟ್ಟು ಓದಿದೆ. ಮತ್ತೇನ್ಮಾಡ್ಲಿ! ಅತ್ತೆ ಹೆಸರು, ಹೆಂಡತಿ ಅಣ್ಣನ ಹೆಸರು, ಎರಡೂ ನನ್ನ ಬಾಯಲ್ಲಿ ಬರೋ ಹಾಗಿಲ್ಲ. ಬಂದ್ರೆ ಹಲ್ಲು ಉದುರುತ್ತೆ, ಮೂಳೆ ಮೆತ್ತಗಾಗುತ್ತೆ, ನಿಮಗೆ ಗೊತ್ತಿಲ್ವಾ? ಅದಕ್ಕೇ... "ಸೊಪಾಲಾ ದ್ವೀಪದ ಯಾರದೋ ತಾಯಿಗೆ ತುಂಬಾ ಹುಷಾರಿಲ್ಲ, ಬುಧವಾರದ ದೋಣೀಲಿ ಬನ್ನಿ" ಅಂದೆ. ಅಷ್ಟೇ.

ಅಷ್ಟೇ ಅಂದ್ನಲ್ಲ!

...ಕೇಳಿಸ್ಕೊಂಡಿದ್ದೀರಿ. ಅಲ್ವಾ? ಬ್ಯಾಟರಿ ಚೆನ್ನಾಗೇ ಇತ್ತು. "ಚೀಟಿ ಬರೆದ ಪುಣ್ಯಾತ್ಮರು ಹೆಸರು ಬರೆಯೋದನ್ನೇ ಮರೆತಿದ್ದಾರೆ, ಇಂಥವರ ಕೈಗೆ ಪೆನ್ನು ಕೊಟ್ಟವರು ಯಾರು" ಅಂತ ನಾನು ತಮಾಷೆ ಮಾಡಿದ್ದೂ... ಊರೆಲ್ಲ ನಕ್ಕಿತಾ?

ನೀವೂ ನಕ್ಕಿರಾ?

ಆ ಕುರ್ಚಿ ಕಡೆ ಯಾಕೆ ನೋಡ್ತೀರಿ? ಹೌದು, ನನ್ನ ಜೊತೆ ಇಲ್ಲಿ ಕೆಲಸ ಮಾಡೋ ನ್ಯಾಪೊ ಅಲ್ಲೇ ಕೂತಿದ್ಲು. ಅವಳು ನಮ್ಮ ನೆಂಟಳಲ್ಲ, ಅವಳು ಆ ಹೆಸರು ಹೇಳಬಹುದಿತ್ತು. "ಕೊಡಿ, ನಾನು ಓದ್ತೀನಿ" ಅಂತ ಕೈ ಚಾಚಿದ್ಲು ಕೂಡ. ಆ ಕೋಳಿ ಗಂಟಲಿಗೆ ಕೊಡ್ಬೇಕಾ? ನನ್ನ ಮೈಕು! ಕಿಲೆಪಾಕ್ ಬಾಯಿಗೆ ಬಾರದ ಹೆಸರೂ ಒಂದಿದೆ ಅಂತ ದ್ವೀಪಗಳಿಗೆಲ್ಲ ಗೊತ್ತಾಗ್ಬೇಕಾ?... ಒಂದು ಚೀಟಿ ಭಾವ. ಅರ್ಧ ನಿಮಿಷದ್ದು.

ಎಲ್ಲಿಗೆ ಹೊರಟ್ರಿ? ನಿಮ್ಮ ತಂಗಿಗೆ ಹೇಳ್ಬೇಡಿ! "ಇದನ್ನ ನ್ಯಾಪೊ ಕೈಗೇ ಕೊಡಿ" ಅಂತ ಎರಡೆರಡು ಸಲ ಹೇಳಿ ಕೊಟ್ಟಿದ್ಲು, ಹೆಸರನ್ನ ದಪ್ಪಕ್ಷರದಲ್ಲಿ ಬರೆದು... ಭಾವ! ನಿಲ್ಲಿ! ತಿರುಗಿ ನೋಡಿ ಭಾವಾ...

ಪೊಕಿಸೆಲ್!

ಸೊಪಾಲಾದ ಪೊಕಿಸೆಲ್... ನಿಮ್ಮ ತಾಯಿಗೆ ತುಂಬಾ ಹುಷಾರಿಲ್ಲ. ಬುಧವಾರದ ದೋಣೀಲಿ ಬನ್ನಿ...